ಶಾರದವ್ವ ಮಡಕೆ ಕಲಿಯಲು ಹೋದದ್ದು

ಕನ್ನಡಕ ಏರಿಸಿ ಕೂತಳೆಂದರೆ ಶಾರದವ್ವ ಸೂಜಿಗೆ ದಾರ ಪೋಣಿಸುವುದು ಒಂದೇ ಸಲಕ್ಕೆ. ಶಿರಸಿಯ ಬನವಾಸಿ ರಸ್ತೆಯಲ್ಲಿ ಅವಳು ಹೊಲಿಗೆ ಅಂಗಡಿ ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು. ರವಿಕೆಯ ಕುತ್ತಿಗೆಗೆ ಪೈಪಿಂಗ್ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲವೆಂದು ಸೋಂದಾದಂಥ ಊರಿನಿಂದಲೂ ಹೆಂಗಸರು ಬಟ್ಟೆ ತರುತ್ತಿದ್ದರು. ಅಂಥವಳು ಆ ಬೇಸಿಗೆಯಲ್ಲಿ, ಮೊಣಕೈ ಪಕ್ಕದಲ್ಲೇ ಬಿದ್ದಿದ್ದ ಕತ್ತರಿಗಾಗಿ ಅಂಗಡಿಯೆಲ್ಲ ತಡಕಾಡತೊಡಗಿದಳು. ಬಾಗಿಲ ಚೌಕಟ್ಟು ಮತ್ತೆ ಮತ್ತೆ ಭುಜಕ್ಕೆ ಬಡಿಯುತ್ತಿತ್ತು. ಎದುರಿಗೆ ನಿಂತವರ ಮುಖದ ಮೇಲಿನ ಮಚ್ಚೆಯೂ ಕಾಣುತ್ತಿತ್ತು. ಮಗ್ಗುಲಿಗೆ ಬಂದವರು ಮಾತ್ರ ಬಾಯಿ ಬಿಟ್ಟ ಮೇಲೆಯೇ ಬಂದಿದ್ದಾರೆಂದು ತಿಳಿಯುತ್ತಿತ್ತು.

ವಯಸ್ಸಾಯಿತು ಅಂದುಕೊಂಡಳು. ಒಂದು ದಿನ ಐದು ರಸ್ತೆ ಸರ್ಕಲ್ಲಿನ ಹತ್ತಿರ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಬೈಕೊಂದು ಅವಳ ಸೀರೆಯ ನೆರಿಗೆಗೆ ತಾಗಿಕೊಂಡೇ ನಿಂತಿತು. "ಕಣ್ಣು ಕಾಣೂದಿಲ್ಲೇನವ್ವಾ?" ಎಂದು ಬೈದು ಬೈಕಿನವನು ಹೊರಟುಹೋದ. ಎಲ್ಲರೂ ಎಲ್ಲರಿಗೂ ಬೈಯುವ ಮಾತೇ ಅದು. ಆದರೆ ಶಾರದವ್ವ ರಸ್ತೆಯಂಚಿಗೆ ಬಂದು ನಿಂತುಬಿಟ್ಟಳು. ಯಾಕೆಂದರೆ ಅವಳು ಎರಡೂ ಕಡೆ ನೋಡಿಯೇ ರಸ್ತೆಗೆ ಇಳಿದಿದ್ದಳು.

ಮರುವಾರ, ಲೈನಿಂಗ್ ಬಟ್ಟೆ ತರುತ್ತೇನೆಂದು ಮನೆಯಲ್ಲಿ ಹೇಳಿ ಒಬ್ಬಳೇ ಹುಬ್ಬಳ್ಳಿಗೆ ಹೋದಳು. ಕಣ್ಣಿನ ಡಾಕ್ಟರು ಬಹಳ ಹೊತ್ತು ಯಂತ್ರದಲ್ಲಿ ನೋಡಿದರು.

"ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆಯಮ್ಮ. ಗ್ಲಾಕೋಮಾ ಅಂತಾರೆ. ನೋವಿರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಅಂಚಿನಿಂದ ಒಳಕ್ಕೆ ತಿನ್ನುತ್ತಾ ಬರುತ್ತದೆ. ಎಡಗಣ್ಣಿನದು ಬಹಳ ಹೋಗಿದೆ."

"ಹೋಗಿದ್ದು ತಿರುಗಿ ಬರ್ತೈತೇನ್ರಿ?"

"ಇಲ್ಲ. ಇದ್ದದ್ದನ್ನು ಉಳಿಸಿಕೊಳ್ಳಬೇಕು. ಹನಿ ಒಂದು ದಿನವೂ ತಪ್ಪಿಸಬೇಡಿ. ಹೆಚ್ಚಿನವರಿಗೆ ಉಳಿಯುತ್ತದೆ."

ಹೆಚ್ಚಿನವರು ಅಂದರೆ ಎಲ್ಲರೂ ಅಲ್ಲ ಎಂಬುದು ಅವಳಿಗೆ ಅರ್ಥವಾಯಿತು. ಎದ್ದು ಸೆರಗು ಸರಿಮಾಡಿಕೊಳ್ಳುವಾಗ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. "ಮಕ್ಕಳಿದ್ದಾರಲ್ಲ? ಅವರ ಕಣ್ಣೂ ಪರೀಕ್ಷೆ ಮಾಡಿಸಿ. ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಬೇರೆಯವರಿಗಿಂತ ಜಾಸ್ತಿ."

ಬಸ್ಸಿನಲ್ಲಿ ಶಿರಸಿಯವರೆಗೂ ಆ ಮಾತೇ ಅವಳ ಜೊತೆ ಕೂತು ಬಂತು. ತನ್ನ ಕಣ್ಣಿನ ಚಿಂತೆ ಹಿಂದಕ್ಕೆ ಸರಿದುಹೋಗಿತ್ತು. ಇರುವವಳು ಒಬ್ಬಳೇ ಮಗಳು, ಪ್ರತಿಭಾ. ದಿನಾ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಳಿಗೆ ಶಿರಸಿಯದೇ ಸಂಬಂಧ ಕೂಡಿಬಂದಿತ್ತು. ಹುಡುಗ ಶರಣ, ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪ ಸದಾಶಿವಪ್ಪನ ಜೊತೆ ಕಬ್ಬಿಣ-ಸಿಮೆಂಟಿನ ಅಂಗಡಿ ನೋಡಿಕೊಳ್ಳುತ್ತಿದ್ದ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ದೀಪಾವಳಿ ಕಳೆದ ಮೇಲೆ ನಿಶ್ಚಿತಾರ್ಥ ಎಂದು ಮಾತಾಗಿತ್ತು. ಆ ಮಾತುಕತೆಯ ದಿನ ಸದಾಶಿವಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ತಪ್ಪು ತಿಳೀಬ್ಯಾಡ್ರಿ, ಎಲ್ಲಾರೂ ಕೇಳೂದ ಕೇಳಾಕತ್ತೀನಿ. ಮನ್ಯಾಗ ಯಾರಿಗರ ಏನರ ಜಡ್ಡು ಗಿಡ್ಡು?" ಎಂದಿದ್ದ. ಶಾರದವ್ವನ ಗಂಡ ಮಡಿವಾಳಪ್ಪ ಗೂಡ್ಸ್ ಟೆಂಪೋ ಓಡಿಸುವವನು, ಬನವಾಸಿ ಕಡೆಯಿಂದ ಅನಾನಸು ಹೇರಿಕೊಂಡು ಬರುವವನು; ಮನಸ್ಸಿನಲ್ಲಿ ಒಂದು ಬಾಯಲ್ಲಿ ಒಂದು ಇಲ್ಲದ ಮನುಷ್ಯ. "ದೇವರ ದಯಾದಿಂದ ಯಾರಿಗೂ ಏನೂ ಇಲ್ರಿ" ಎಂದು ಎದೆ ಮುಟ್ಟಿಕೊಂಡು ಹೇಳಿದ್ದ. ಆಗ ಅದು ಸುಳ್ಳಾಗಿರಲಿಲ್ಲ. ಈಗ ಆಗಿತ್ತು.

ಹನಿಯ ಬಾಟಲಿಯನ್ನು ಶಾರದವ್ವ ಹೊಲಿಗೆ ಯಂತ್ರದ ಡ್ರಾದಲ್ಲಿ ಗುಂಡಿಗಳ ಡಬ್ಬಿಯ ಹಿಂದೆ ಇಟ್ಟಳು. ನಿಶ್ಚಿತಾರ್ಥವಾಗಲಿ, ಮದುವೆಯಾಗಲಿ, ಆಮೇಲೆ ಮಗಳಿಗೆ ಮೆಲ್ಲಗೆ ಹೇಳಿ ಕಣ್ಣು ತೋರಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಶಟರು ಅರ್ಧ ಎಳೆದು, ಕಣ್ಣು ಮುಚ್ಚಿ ಸೀಮೆಸುಣ್ಣ, ಟೇಪು, ಸೂಜಿಡಬ್ಬಿಗಳನ್ನು ಕೈಯಲ್ಲೇ ಹುಡುಕಿ ನೋಡುತ್ತಿದ್ದಳು. ಡಬ್ಬಿ ಸಿಗುತ್ತಿತ್ತು. ಆದರೆ ಕಣ್ಣು ಮುಚ್ಚಿ ಬಟ್ಟೆ ಕತ್ತರಿಸಲು ಬರುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿ ಒಂದು ತುಂಡು ಅಸ್ತರು ಹಾಳುಮಾಡಿ, ಅದನ್ನು ಯಾರಿಗೂ ಕಾಣದಂತೆ ಚಿಂದಿಯ ಚೀಲಕ್ಕೆ ತುರುಕಿದಳು. ಕೈ ಖಾಲಿ ಕೂತ ದಿನ ಅವಳ ಬದುಕಿನಲ್ಲಿ ಇರಲಿಲ್ಲ. ನಾಳೆ ಕಣ್ಣು ಪೂರಾ ಹೋದರೆ ಈ ಕೈಗಳಿಗೆ ಏನು ಕೆಲಸ?

ಆ ದಿನಗಳಲ್ಲೇ ಅವಳಿಗೆ ಒಂದಷ್ಟು ಏಪ್ರನ್ ಹೊಲಿಯುವ ಕೆಲಸ ಬಂತು. ಯಲ್ಲಾಪುರ ರಸ್ತೆಯಲ್ಲಿ, ಹಿಂದೆ ಹಂಚಿನ ಗೋದಾಮಾಗಿದ್ದ ಕಟ್ಟಡದಲ್ಲಿ, ಊರಿನ ನಾಲ್ಕಾರು ಜನ ಸೇರಿ ಮಣ್ಣಿನ ಪಾತ್ರೆ ಮಾಡಲು ಕಲಿಸುವ ಒಂದು ಜಾಗ ಮಾಡಿದ್ದರು. ಯಾರು ಬೇಕಾದರೂ ಸೇರಬಹುದು, ಚಕ್ರ, ಮಡಕೆ ಸುಡುವ ಭಟ್ಟಿ ಎಲ್ಲರಿಗೂ ಸೇರಿದ್ದು. ಕಲಿಸುವವಳು ಚೇತನಾ, ವಜ್ರಳ್ಳಿ ಕಡೆಯ ಹುಡುಗಿ. ಏಪ್ರನ್ ಗಂಟು ಹಿಡಿದು ಶಾರದವ್ವ ಒಳಗೆ ಕಾಲಿಟ್ಟಾಗ ಆರೇಳು ಮಂದಿ ವಿದ್ಯುತ್ ಚಕ್ರಗಳ ಮುಂದೆ ಬಾಗಿ ಕೂತಿದ್ದರು. ಎಲ್ಲರೂ ಕಣ್ಣು ಮುಚ್ಚಿದ್ದರು.

"ನೋಡೂಕೆ ಹೋಗ್ಬೇಡಿ" ಎಂದು ಚೇತನಾ ಹೇಳುತ್ತಿದ್ದಳು. "ಮಣ್ಣು ನಡುವಿಗೆ ಬಂತಾ ಇಲ್ವಾ ಅಂತ ಕಣ್ಣು ಸುಳ್ಳು ಹೇಳ್ತದೆ. ಅಂಗೈಗೆ ಬಡೀತಾ ಇದ್ರೆ ಬಂದಿಲ್ಲ. ಬಡಿಯೋದು ನಿಂತ್ರೆ ಬಂತು."

ಶಾರದವ್ವ ಗಂಟು ಕೆಳಗಿಡುವುದನ್ನು ಮರೆತು ನಿಂತಳು. ಕ್ಲಾಸು ಮುಗಿಯುವವರೆಗೂ ನಿಂತೇ ಇದ್ದಳು.

"ಎಂತ ಶಾರದಕ್ಕ, ನಿಂತೇ ಬಿಟ್ರಲ್ಲ" ಎಂದಳು ಚೇತನಾ, ಕೈ ಒರೆಸಿಕೊಳ್ಳುತ್ತಾ.

"ನಂಗೂ ಕಲಸ್ತೀರೇನ್ರಿ?"

"ಯಾಕಾಗಬಾರ್ದು? ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬನ್ನಿ."

"ಹಿಂಗ ಕಣ್ಣು ಮುಚ್ಚಿಕೊಂಡು ಪೂರಾ ಗಡಿಗಿ ಮಾಡಾಕ ಬರ್ತೈತೇನು?"

ಚೇತನಾ ನಕ್ಕಳು. "ಕೆಲವರಿಗೆ ಮುಚ್ಚಿದ್ರೇ ಚೆಂದ ಬರ್ತದೆ." ಆ ಪ್ರಶ್ನೆ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಶಾರದವ್ವ ಅಲ್ಲೇ ಹೆಸರು ಬರೆಸಿ ಮನೆಗೆ ಬಂದಳು.

"ನಮ್ಮ ಮನ್ಯಾಗ ಗಡಿಗಿಗೆ ಬರ ಬಿದ್ದೈತೇನು?" ಎಂದ ಮಡಿವಾಳಪ್ಪ.

"ಬೆರಳು ಹಿಡಕೊಂತಾವು. ಮಣ್ಣಾಗ ಆಡಿದ್ರ ಸಡಲ ಆಗ್ತಾವಂತ."

ಅವನು ನಂಬಿದ. ಅವನು ನಂಬಿದ್ದೇ ಅವಳಿಗೆ ಚುಚ್ಚಿತು.

ಮೊದಮೊದಲು ಮಣ್ಣು ಅವಳ ಮಾತು ಕೇಳಲಿಲ್ಲ. ಅದು ಸಿದ್ದಾಪುರದ ಮನ್ಮನೆ ಕಡೆಯ ಕೆರೆಯಿಂದ ತಂದ ಮಣ್ಣಂತೆ. ಬೂದು ಬಣ್ಣದ್ದು, ಬೆಣ್ಣೆಯ ಹಾಗೆ ಕಾಣುವುದು, ಚಕ್ರದ ಮೇಲೆ ಕೂತಕೂಡಲೇ ಕರುವಿನ ಹಾಗೆ ಒದೆಯುವುದು. ಆದರೆ ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ, ಕಣ್ಣು ಮುಚ್ಚಿ ಕೂತವಳ ಅಂಗೈಯಡಿ ಮಣ್ಣು ಒಮ್ಮೆಗೇ ಸುಮ್ಮನಾಯಿತು. ಚಕ್ರ ತಿರುಗುತ್ತಲೇ ಇತ್ತು, ಮಣ್ಣು ನಿಂತ ಹಾಗಿತ್ತು. ಹೆಬ್ಬೆರಳು ಒತ್ತಿದಳು, ತೆರೆದುಕೊಂಡಿತು. ಕಣ್ಣು ಬಿಟ್ಟಾಗ ಎದುರಿಗೆ ಒಂದು ಬಟ್ಟಲು ಇತ್ತು. ಹೋಗಲಿ, ಇಷ್ಟಾದರೂ ಉಳಿಯಿತಲ್ಲ ಎಂದು ಅವಳ ಎದೆಯ ಭಾರ ಇಳಿಯಿತು.

ಮುಂದಿನ ಮಂಗಳವಾರವೇ ಬಾಗಿಲಲ್ಲಿ ಪರಿಚಿತ ದನಿಯೊಂದು ಕೇಳಿತು. "ಅಯ್ಯ, ಶಾರದವ್ವಾರ! ನೀವೂ ಇಲ್ಲೇ ಅದೀರೇನು?"

ಶರಣನ ತಾಯಿ ಮಹೇಶ್ವರಿ. ನಾಳೆ ಬೀಗತಿಯಾಗುವವಳು. ಅವಳೂ ಕ್ಲಾಸಿಗೆ ಸೇರಿದ್ದಳು. ಖಾಲಿ ಇದ್ದ ಚಕ್ರ ಒಂದೇ. ಅದು ಶಾರದವ್ವನ ಎಡಗಡೆ.

ಅಲ್ಲಿಂದ ಮುಂದೆ ಆ ಎರಡು ಮಧ್ಯಾಹ್ನಗಳು ಅವಳಿಗೆ ಹಗ್ಗದ ಮೇಲಿನ ನಡಿಗೆಯಾದವು. ಮಹೇಶ್ವರಿ ಗಟ್ಟಿಗಿತ್ತಿ, ಮಾತಿನವಳು, ಕಣ್ಣಿಗೆ ಬಿದ್ದದ್ದನ್ನು ಬಿಡದವಳು. ಗಂಡ ಹೋದ ಮೇಲೆ ಮೈದುನನ ಆಳ್ವಿಕೆಯ ಮನೆಯಲ್ಲಿ ಬಾಯಿ ಕಟ್ಟಿಕೊಂಡು ಇರುತ್ತಿದ್ದವಳು. ಇಲ್ಲಿ ಬಂದು ಮನಸಾರೆ ಮಾತಾಡುತ್ತಿದ್ದಳು. ಅವಳು ಯಾವ ಗಳಿಗೆಯಲ್ಲಿ ಎಡಗಡೆ ಇದ್ದಾಳೆ, ಯಾವಾಗ ಎದ್ದು ಹೋದಳು ಎಂದು ಶಾರದವ್ವ ಕಿವಿಯಲ್ಲೇ ಕಾಯಬೇಕಾಯಿತು. ಚಕ್ರಗಳ ಗುಂಯ್ ಸದ್ದಿನಲ್ಲಿ ಕಿವಿಯೂ ಸೋಲುತ್ತಿತ್ತು. ನೀರಿನ ಬಾಲ್ದಿ ಎಲ್ಲಿದೆ, ಸ್ಪಂಜು ಎಲ್ಲಿದೆ ಎಂದು ಬಂದ ಕೂಡಲೇ ತಲೆ ತಿರುಗಿಸಿ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದಳು. ಯಾರಾದರೂ ಬಾಲ್ದಿ ಸರಿಸಿದರೆಂದರೆ ಅವಳ ಕೈ ಗಾಳಿಗೆ ಹೋಗುತ್ತಿತ್ತು. ಆಗ ಕೈ ನೆಟಿಗೆ ಮುರಿಯುವ ಹಾಗೆ ನಟಿಸುತ್ತಿದ್ದಳು.

ಒಂದು ದಿನ ಚಹಾ ಬಂತು. ಮಹೇಶ್ವರಿ ತಾನೇ ಒಂದು ಲೋಟ ತಂದು ಎಡಗಡೆಯಿಂದ ಚಾಚಿ ನಿಂತಳು. ಶಾರದವ್ವ ಬಟ್ಟಲಿನ ಅಂಚು ಒರೆಸುತ್ತಲೇ ಇದ್ದಳು. ಲೋಟ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು ಹಿಂದಕ್ಕೆ ಹೋಯಿತು. ಆಚೆ ಕೂತ ಹೆಂಗಸೊಬ್ಬಳು, "ಶಾರದಕ್ಕ, ಚಾ ಬೇಡ್ವಾ?" ಎಂದಾಗಲೇ ಅವಳಿಗೆ ತಿಳಿದದ್ದು. ತಿರುಗಿ ನೋಡುವಷ್ಟರಲ್ಲಿ ಮಹೇಶ್ವರಿಯ ಮುಖ ಬಿಗಿದಿತ್ತು.

ಎರಡು ದಿನ ಕಳೆದು ಪ್ರತಿಭಾ ಊಟಕ್ಕೆ ಕೂತಾಗ ಕೇಳಿದಳು. "ಅವ್ವಾ, ಶರಣ ಅವರ ಅವ್ವನ ಜತಿ ನಿಂದೇನರ ಆಗೈತೇನು?"

"ಏನಾಗೂದೈತಿ?"

"ಮಾತಾಡ್ಸಿದ್ರ ಮಾತಾಡೂದಿಲ್ಲಂತ, ಚಾ ಕೊಟ್ರ ನೋಡಿನೂ ನೋಡೂದಿಲ್ಲಂತ. ಬೀಗತನ ಕೂಡೂಕ್ಕಿಂತ ಮೊದಲ ಇಷ್ಟ್ ಬಿಂಕ ಅಂದ್ರ ಹೆಂಗ ಅಂತ ಮನ್ಯಾಗ ಅಂದಾರಂತ."

"ಕೆಲಸದ ಗುಂಗಿನ್ಯಾಗ ಇದ್ದೆ. ಲಕ್ಷ ಇರಲಿಲ್ಲ."

ಪ್ರತಿಭಾ ಅವ್ವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಶಾರದವ್ವ ಎದ್ದು ಸಾರಿನ ಪಾತ್ರೆ ತರಲು ಹೋದಳು, ಬಾಗಿಲಿನ ನಡುವನ್ನು ಕಣ್ಣಲ್ಲೇ ಅಳೆದು, ಭುಜ ತಾಗದ ಹಾಗೆ.

ಕ್ಲಾಸು ಬಿಟ್ಟುಬಿಡಬೇಕೆಂದು ಆ ವಾರ ಎಷ್ಟೋ ಸಲ ಅನ್ನಿಸಿತು. ಬಿಟ್ಟರೆ ಮಹೇಶ್ವರಿಗೆ ಹೆದರಿ ಬಿಟ್ಟಳೆಂದೋ, ಜಗಳವೆಂದೋ ಮಾತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೈ ಈಗಷ್ಟೇ ಹಾದಿಗೆ ಬಂದಿತ್ತು. ನಿಶ್ಚಿತಾರ್ಥ ಒಂದು ಮುಗಿದರೆ ಸಾಕು ಎಂದು ಹಲ್ಲು ಕಚ್ಚಿ ಹೋದಳು. ಚಹಾದ ವಿಷಯಕ್ಕೆ ಮಹೇಶ್ವರಿಯ ಬಳಿ ಕ್ಷಮೆಯನ್ನೂ ಕೇಳಿದಳು. "ಇರ್ಲಿ ಬಿಡ್ರಿ" ಎಂದಳು ಮಹೇಶ್ವರಿ. ಆದರೆ ಆ ದಿನದಿಂದ ಅವಳು ಮಾತು ಕಡಿಮೆ ಮಾಡಿದಳು. ಮಾತಿಲ್ಲದ ಮಹೇಶ್ವರಿ ಇನ್ನೂ ಅಪಾಯವಾದಳು. ಎಲ್ಲಿದ್ದಾಳೆಂದೇ ತಿಳಿಯುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಭಟ್ಟಿ ತುಂಬುವ ದಿನ ಬಂತು. ಎಲ್ಲರ ಒಣಗಿದ ಪಾತ್ರೆಗಳನ್ನೂ ಒಟ್ಟಿಗೆ ಸುಡುವುದು. ಗೋಡೆಯ ಹಲಗೆಗಳಿಂದ ಪಾತ್ರೆ ಇಳಿಸಿ, ಉದ್ದ ಮಣೆಯ ಮೇಲೆ ಸಾಲಾಗಿಟ್ಟು, ಹೆಗಲ ಮೇಲೆ ಹೊತ್ತು ಹಿತ್ತಲ ಭಟ್ಟಿಗೆ ಸಾಗಿಸಬೇಕು. ಸುಡದ ಮಡಕೆ ಮುಟ್ಟಿದರೆ ಪುಡಿ. ಅದಕ್ಕೆ ಎಲ್ಲರೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಗೋದಾಮಿನ ಕಿರಿದಾದ ನಡುದಾರಿಯಲ್ಲಿ ಶಾರದವ್ವ ಬಟ್ಟಲು ತುಂಬಿದ ಮಣೆಯನ್ನು ಎಡಹೆಗಲಿಗೇರಿಸಿ ಹೊರಟಳು. ಎದುರಿನ ಬಾಗಿಲಿನ ಬೆಳಕು ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಹಿಡಿದು ನಡೆದಳು.

ಎಡಗಡೆಯ ಗೋಡೆಗೆ ಎತ್ತರದ ಸ್ಟೂಲು ಹಾಕಿ ಹತ್ತಿ ನಿಂತು ಮಹೇಶ್ವರಿ ಮೇಲಿನ ಹಲಗೆಯಿಂದ ಹೂಜಿಯೊಂದನ್ನು ಇಳಿಸುತ್ತಿದ್ದಳು. ಹಿಂದಿನ ಗಳಿಗೆಯವರೆಗೆ ಅಲ್ಲಿ ಸ್ಟೂಲು ಇರಲಿಲ್ಲ.

ಮಣೆಯ ತುದಿ ಮಹೇಶ್ವರಿಯ ಮೊಣಕಾಲ ಹಿಂದೆ ತಾಗಿತು. ಶಾರದವ್ವನಿಗೆ ಮೊದಲು ತಿಳಿದದ್ದು ಮಣೆ ಯಾವುದಕ್ಕೋ ಸಿಕ್ಕಿಕೊಂಡಿದೆ ಎಂದು; ಬಿಡಿಸಿಕೊಳ್ಳಲು ಇನ್ನೊಂದು ಹೆಜ್ಜೆ ಮುಂದೆ ಒತ್ತಿದಳು. ಆಮೇಲೆ ಸ್ಟೂಲು ಉರುಳಿದ ಸದ್ದು, ಹೂಜಿ ಒಡೆದ ಸದ್ದು, ಆಮೇಲೆ ಒಂದು ಮನುಷ್ಯ ದೇಹ ನೆಲಕ್ಕೆ ಬಿದ್ದ ಸದ್ದು. ಬಟ್ಟಲುಗಳೆಲ್ಲ ಮಣೆಯಿಂದ ಜಾರಿ ನೆಲದಲ್ಲಿ ಹೋಳಾದವು. ಅವಳು ಪೂರ್ತಿ ತಿರುಗಿ ನೋಡಿದಾಗ ಮಹೇಶ್ವರಿ ಬಲಗೈಯನ್ನು ಎದೆಗವಚಿಕೊಂಡು ಬಿದ್ದಿದ್ದಳು. ಮಣಿಕಟ್ಟು ಸೊಟ್ಟಗಾಗಿತ್ತು.

"ಅಷ್ಟ್ ದೊಡ್ಡೋರು ನಿಂತದ್ದು ಕಾಣ್ಲಿಲ್ವಾ ಶಾರದಕ್ಕ?" ಎಂದರು ಯಾರೋ.

"ತಲಿ ತಿರುಗಿದಂಗಾತು" ಎಂದಳು ಶಾರದವ್ವ. ಎಂದೋ ಸಿದ್ಧಮಾಡಿಟ್ಟುಕೊಂಡಿದ್ದ ಮಾತದು. ತಾನಾಗಿಯೇ ಬಾಯಿಂದ ಹೊರಬಿತ್ತು.

ಚೇತನಾ ಕಾರು ತಂದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಎಲುಬು ಮುರಿದಿದೆ, ಪ್ಲಾಸ್ಟರ್ ಹಾಕಬೇಕು ಎಂದರು. ಶರಣ ಅಂಗಡಿಯಿಂದ ಓಡಿ ಬಂದ. "ಹೆಂಗ ಬಿದ್ದಿ ಅವ್ವಾ?" ಎಂದು ಕೇಳಿದ. ಶಾರದವ್ವ ಗೋಡೆಗೆ ಆತು ನಿಂತಿದ್ದಳು. ಮಹೇಶ್ವರಿ ಅವಳ ಕಡೆ ಒಮ್ಮೆ ನೋಡಿ ಮಗನಿಗೆ ಹೇಳಿದಳು. "ಸ್ಟೂಲ್ ಅಲ್ಲಾಡ್ತು. ಕಾಲು ಜಾರ್ತು."

ಶರಣ ಔಷಧ ತರಲು ಹೋದ. ಚೇತನಾ ಹೊರಗೆ ಫೋನಿನಲ್ಲಿದ್ದಳು. ಹಸಿ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡ ಮಹೇಶ್ವರಿ ದನಿ ತಗ್ಗಿಸಿ ಕೇಳಿದಳು.

"ನಾ ಅಲ್ಲಿ ನಿಂತದ್ದು ನಿಮಗ ಕಾಣಲೇ ಇಲ್ಲ. ಹೌದಲ್ಲೋ?"

ಶಾರದವ್ವ ಬಾಗಿಲ ಕಡೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡಳು.

"ಚಾ ಹಿಡಿದಾಗೂ ಕಾಣಲಿಲ್ಲ. ನಾ ಬಿಂಕ ಅಂತ ತಿಳಿದೆ. ಇವತ್ತು ಮಣೀ ತಾಗಿದ ಮ್ಯಾಲೂ ನೀವು ಮುಂದಕ್ಕ ಒತ್ತಿದ್ರಿ. ಬೇಕಂತ ಕೆಡವೂ ಮಂದಿ ಅಲ್ಲ ನೀವು. ಮತ್ತ ಏನು?"

ಇಷ್ಟು ತಿಂಗಳು ಗಂಡನಿಗೂ ಮಗಳಿಗೂ ಹೇಳದ್ದನ್ನು ಶಾರದವ್ವ ಆ ಮಂಚದ ಪಕ್ಕ ನಿಂತು, ಯಾರಿಗೆ ತಿಳಿಯಬಾರದೆಂದು ಹೆಣಗಿದ್ದಳೋ ಅವಳಿಗೇ ಹೇಳಿದಳು. ಹುಬ್ಬಳ್ಳಿಯ ಡಾಕ್ಟರು ಕೊನೆಗೆ ಸೇರಿಸಿದ ಮಾತನ್ನೂ ಬಿಡಲಿಲ್ಲ. ಹೇಳುವಾಗ ಅಳು ಬರಲಿಲ್ಲ.

ಮಹೇಶ್ವರಿ ಅವಳ ಎಡಗಣ್ಣನ್ನೇ ನೋಡಿದಳು. "ಹುಡುಗಿಗೆ ಗೊತ್ತೈತೇನು?"

"ಇಲ್ರಿ."

"ಅಕಿ ಕಣ್ಣು ತೋರ್ಸೀರೇನು?"

"ಇಲ್ರಿ."

"ಮೈದುನನ ಮುಂದ ಮುಚ್ಚಿಟ್ರಿ, ಅದು ನಂಗ ತಿಳೀತೈತಿ. ಹೆತ್ತ ಮಗಳಿಗೆ ಮುಚ್ಚಿಟ್ರಲ್ಲ." ಮಹೇಶ್ವರಿಯ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. "ನಾ ಯಾರಿಗೂ ಹೇಳೂದಿಲ್ಲ. ಆದ್ರ ನನ್ನ ಮಗನ ಮಾರಿ ನೋಡ್ಕೋತ ಸುಳ್ಳ ಹೊತ್ತುಕೊಂಡು ಇರಾಕ ನನ್ನ ಕೈಲಿ ಆಗೂದಿಲ್ಲ. ರವಿವಾರ ಎರಡೂ ಮನಿಯವ್ರು ಕೂಡಿ ಜವಳಿಗೆ ಹೋಗೂದೈತಿ. ಅದಕ್ಕ ಮೊದಲ ನೀವ ಹೇಳ್ರಿ. ಹೇಳದಿದ್ರ ನಾ ಹೇಳ್ಬೇಕಾಗ್ತೈತಿ."

ಅಂದು ಶುಕ್ರವಾರ.

ಆಸ್ಪತ್ರೆಯಿಂದ ಮನೆಗೆ ನಡೆದ ದಾರಿ ಶಾರದವ್ವನಿಗೆ ನೆನಪಿಲ್ಲ. ಶನಿವಾರ ಬೆಳಿಗ್ಗೆ ಹೇಳಬೇಕೆಂದುಕೊಂಡಳು. ಪ್ರತಿಭಾ ಬಸ್ಸಿಗೆ ತಡವಾಯಿತೆಂದು ಓಡಿದಳು. ಅಂಗಡಿ ತೆರೆದು ಕೂತಳು, ಒಂದು ಹೊಲಿಗೆಯೂ ಸಾಗಲಿಲ್ಲ. ಸಂಜೆ ಮಡಿವಾಳಪ್ಪ ಅಂಗಳದಲ್ಲಿ ಟೆಂಪೋ ತೊಳೆಯುತ್ತಿದ್ದ. ಪ್ರತಿಭಾ ಪಡಸಾಲೆಯಲ್ಲಿ ಮರುದಿನ ಉಡುವ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು, ಏನೋ ಗುನುಗುತ್ತಾ. ಆ ಗುನುಗು ಕೇಳಿದಾಗ, ಇನ್ನೊಂದು ವಾರ ಮಹೇಶ್ವರಿಯ ಕಾಲು ಹಿಡಿದಾದರೂ ತಡೆಯಲೇ ಎಂದು ಒಂದು ಕ್ಷಣ ಅನ್ನಿಸಿತು.

"ಇಸ್ತ್ರಿ ಬಂದ್ ಮಾಡು" ಎಂದಳು. "ಅಪ್ಪನ್ನ ಒಳಗ ಕರಿ."

ನಿಂತೇ ಹೇಳಿದಳು. ಕೂತರೆ ಮಾತು ನಿಂತುಹೋಗುತ್ತದೆಂದು ಹೆದರಿಕೆ. ಮಹೇಶ್ವರಿ ಬಿದ್ದದ್ದು ಹೇಗೆಂಬುದರಿಂದ ಶುರುಮಾಡಿ ಹಿಂದಕ್ಕೆ ಹೋದಳು. ಮಡಿವಾಳಪ್ಪನ ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವ್ರ ಮನ್ಯಾಗ ನಾ ಎದಿ ಮುಟ್ಟಿಕೊಂಡು ಹೇಳೀನಿ" ಎಂದ ಅವನು ಕೊನೆಗೆ. "ಅದು ಸುಳ್ಳಂತ ನಿಂಗ ಗೊತ್ತಾದ ಮ್ಯಾಲೆ, ದಿನಾ ನನ್ನ ತಾಟಿಗೆ ರೊಟ್ಟಿ ನೀಡಿದಿ. ಒಂದ್ ಮಾತು ಹೇಳಬಾರದಿತ್ತೇನು?"

ಪ್ರತಿಭಾ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತು ಪಕ್ಕಕ್ಕಿಟ್ಟಳು. ಅವ್ವನ ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು.

"ಎದುರಿನ ಗೋಡಿ ನೋಡು. ಕ್ಯಾಲೆಂಡರ್ ನೋಡು. ಕಣ್ಣು ಹೊಳ್ಳಿಸಬ್ಯಾಡ. ನನ್ನ ಕೈ ಕಂಡ ಕೂಡ್ಲೆ ಹೇಳು."

ಅವಳು ಅವ್ವನ ಎಡಗಿವಿಯ ಪಕ್ಕಕ್ಕೆ ಕೈ ಹಿಡಿದು, ಬೆರಳು ಆಡಿಸುತ್ತಾ, ಮೆಲ್ಲಗೆ ಮುಂದಕ್ಕೆ ತಂದಳು. ಶಾರದವ್ವ ಕ್ಯಾಲೆಂಡರನ್ನು ನೋಡುತ್ತಾ ಕೂತಳು. ಕೈ ಕೆನ್ನೆಯನ್ನು ದಾಟಿತು. ಕಣ್ಣಿನ ಕೊನೆಯನ್ನು ದಾಟಿತು. ಕೈ ಇನ್ನೂ ಮುಂದಕ್ಕೆ ಬಂದು, ಕ್ಯಾಲೆಂಡರಿಗೇ ಅಡ್ಡ ಬರುವಷ್ಟು ಹತ್ತಿರವಾದಾಗ ಶಾರದವ್ವ, "ಈಗ" ಎಂದಳು.

ಪ್ರತಿಭಾಳ ಕೈ ಅಲ್ಲಿಯೇ ನಿಂತಿತು. "ಇಷ್ಟ ಇಟಗೊಂಡು ನೀ ದಿನಾ ಒಬ್ಬಾಕಿನ ಐದು ರಸ್ತೆ ದಾಟಾಕತ್ತಿದ್ದಿ?"

ಆಗ ಶಾರದವ್ವ ಅತ್ತಳು. ಪ್ರತಿಭಾ ಅವಳನ್ನು ಸಮಾಧಾನ ಮಾಡಲಿಲ್ಲ. ಬಲಗಡೆಗೆ ಹೋಗಿ ಅತ್ತಣದ್ದನ್ನೂ ಅಳೆದಳು. ಅಲ್ಲಿ ಸ್ವಲ್ಪ ಹೆಚ್ಚು ಉಳಿದಿತ್ತು. ಆಮೇಲೆ ಅಂಗಳಕ್ಕೆ ಹೋಗಿ ಟೆಂಪೋದ ಮರೆಯಲ್ಲಿ ನಿಂತು ಶರಣನಿಗೆ ಫೋನು ಮಾಡಿದಳು. ಒಳಗಿದ್ದವರಿಗೆ ಮಾತು ಕೇಳಿಸಲಿಲ್ಲ. ಬಂದು, "ನಾಳೆ ಜವಳಿಗೆ ಹೋಗೂದಿಲ್ಲ. ಸೋಮವಾರ ನಾವ ಮೂವರು ಹುಬ್ಬಳ್ಳಿಗೆ ಹೋಗೂದು" ಎಂದು ಹೇಳಿ ಸೀರೆ ಮಡಚಿಟ್ಟಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಗಳು ಯಂತ್ರಕ್ಕೆ ಗಲ್ಲ ಇಟ್ಟು ಕೂತಾಗ ಶಾರದವ್ವ ಹೊರಗಿನ ಬೆಂಚಿನಲ್ಲಿದ್ದಳು. ಒಳಗಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಡಾಕ್ಟರು ಅವಳನ್ನೂ ಒಳಗೆ ಕರೆದರು. ಪ್ರತಿಭಾಳ ಕಣ್ಣು ಈಗ ನಿರಾಳವಾಗಿದೆ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಬೇಕು, ಮುಂದೆ ಬಂದರೂ ಮೊದಲೇ ಹಿಡಿದರೆ ಹೆದರುವಂಥದ್ದಲ್ಲ ಎಂದರು. ಶಾರದವ್ವನ ಕಣ್ಣಿನ ಒತ್ತಡ ಇಳಿದಿತ್ತು. ಕದ್ದುಮುಚ್ಚಿ ಹಾಕಿಕೊಂಡ ಹನಿ ಕೆಲಸ ಮಾಡಿತ್ತು. ಮರಳಿ ಬರುವಾಗ ಬಸ್ಸಿನಲ್ಲಿ ಪ್ರತಿಭಾ ಅವ್ವನ ಎಡಗಡೆ ಕೂತಳು.

ಸಂಬಂಧ ಉಳಿಯಲಿಲ್ಲ. ಶರಣ ಮೊದಲು ಹಟ ಹಿಡಿದನಂತೆ. ಸದಾಶಿವಪ್ಪ, "ಮುಚ್ಚಿಟ್ಟವ್ರು ಇನ್ನೂ ಏನೇನು ಮುಚ್ಚಿಟ್ಟಾರೋ" ಎಂದು ಒಂದೇ ಮಾತು ಹಿಡಿದು ಕೂತನಂತೆ. ಅಂಗಡಿ ಚಿಕ್ಕಪ್ಪನ ಹೆಸರಿನಲ್ಲಿತ್ತು. ಶರಣನ ಫೋನುಗಳು ವಿರಳವಾದವು, ಆಮೇಲೆ ಮೌನವಾದವು. ಮಧ್ಯಸ್ಥರ ಕೈಲಿ ಹೇಳಿಕಳಿಸದೆ, ಕೊರಳಿಗೆ ಕೈ ಕಟ್ಟಿಕೊಂಡು ಮಹೇಶ್ವರಿಯೇ ಮನೆಗೆ ಬಂದಳು. ಮಡಿವಾಳಪ್ಪ ಕುರ್ಚಿ ಹಾಕಿದ.

"ನನ್ನ ಮಾತು ನಡೀಲಿಲ್ಲ" ಎಂದಳು ಅವಳು, ನೇರವಾಗಿ ಪ್ರತಿಭಾಳನ್ನೇ ನೋಡುತ್ತಾ. "ನನ್ನ ಮಗಂದೂ ನಡೀಲಿಲ್ಲ. ನಡಸೂ ಅಷ್ಟು ಅವನೂ ಗಟ್ಟಿ ನಿಲ್ಲಲಿಲ್ಲ. ಅದನ್ನ ನಾನ ಬಂದು ಹೇಳ್ಬೇಕು ಅನ್ನಿಸ್ತು."

"ಬಂದು ಹೇಳಿದ್ರಲ್ಲ, ಅಷ್ಟು ಚಲೋ ಆತ್ರಿ" ಎಂದಳು ಪ್ರತಿಭಾ. ಎದ್ದು ಚಹಾ ಮಾಡಿ ಕೊಟ್ಟಳು. ಮಹೇಶ್ವರಿ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಶಾರದವ್ವ ಆ ಬಾಗಿಲ ಹೊರಗೆ ನೆಲದ ಮೇಲೆ ಕೂತು ಕತ್ತಲಾಗುವವರೆಗೂ ಏಳಲಿಲ್ಲ. ತಟ್ಟುವ ಧೈರ್ಯವೂ ಬರಲಿಲ್ಲ.

ಕ್ಲಾಸಿಗೆ ಮತ್ತೆ ಹೋಗೆಂದು ಹೇಳಿದವಳು ಪ್ರತಿಭಾಳೇ, ಅದೂ ಸಂಕ್ರಾಂತಿ ಕಳೆದ ಮೇಲೆ. "ಇಷ್ಟೆಲ್ಲಾ ಆಗಿದ್ದು ಅದನ್ನ ಕಲಿಯಾಕ ಹೋಗಿ. ಅರ್ಧಕ್ಕ ಬಿಟ್ರ ಅದೂ ಹೋತು" ಎಂದಳು. ಮೊದಲ ದಿನ ಅವಳೇ ರಜೆ ಹಾಕಿ ಬಾಗಿಲವರೆಗೂ ಬಿಟ್ಟು ಹೋದಳು. ಶಾರದವ್ವ ಗೋದಾಮಿನ ನಡುವೆ ನಿಂತು, ಚಕ್ರಗಳನ್ನು ನಿಲ್ಲಿಸಲು ಹೇಳಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ನಂಗ ಎದುರಿಂದು ಅಷ್ಟ ಕಾಣ್ತೈತಿ, ಮಗ್ಗಲಿಗೆ ಕಾಣೂದಿಲ್ಲ. ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕ ಒಬ್ರ ಕೈ ಮುರೀತು. ಇನ್ನ ಮ್ಯಾಲೆ ದಾರ್ಯಾಗ ಏನರ ಇಟ್ರ ಕೂಗಿ ಹೇಳ್ರಿ." ಚೇತನಾ ನಡುದಾರಿಯ ಬಾಲ್ದಿಗಳನ್ನೆಲ್ಲ ಎತ್ತಿ ಗೋಡೆಗೆ ಸರಿಸಿದಳು.

ಈಗ ಶಾರದವ್ವ ಹೊಲಿಗೆಯನ್ನು ಅರ್ಧಕ್ಕಿಳಿಸಿದ್ದಾಳೆ. ಮೊಸರಿನ ಕುಡಿಕೆ ಮಾಡುತ್ತಾಳೆ. ಕೆಲವು ಸೊಟ್ಟ, ಕೆಲವು ನೆಟ್ಟಗೆ. ಕಣ್ಣು ಇದ್ದಷ್ಟೇ ಇದೆ.

ಯುಗಾದಿಯ ಹಿಂದಿನ ವಾರ ಮಹೇಶ್ವರಿ ಕ್ಲಾಸಿಗೆ ಬಂದಳು. ಮಣಿಕಟ್ಟು ಇನ್ನೂ ಪೂರ್ತಿ ಬಾಗುತ್ತಿರಲಿಲ್ಲ. ತನ್ನ ಹಳೆಯ ಜಾಗ ಬಿಟ್ಟು ಎದುರು ಸಾಲಿನ ಚಕ್ರಕ್ಕೆ ಹೋಗಿ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಮಣ್ಣು ನಾದಿದರು.

"ಪ್ರತಿಭಾ ಹೆಂಗದಾಳ?" ಎಂದಳು ಮಹೇಶ್ವರಿ.

"ಚಲೋ ಅದಾಳ್ರಿ. ಸಿಟ್ಟು ಇನ್ನೂ ಪೂರಾ ಇಳಿದಿಲ್ಲ."

"ಯಾರ ಮ್ಯಾಲೆ?"

"ನನ್ನ ಮ್ಯಾಲೊಂದಿಷ್ಟು. ನಿಮ್ಮ ಮನಿ ಮ್ಯಾಲೊಂದಿಷ್ಟು."

ಮಹೇಶ್ವರಿ ತಲೆಯಾಡಿಸಿದಳು. "ಇರ್ಬೇಕು ಬಿಡ್ರಿ. ಇರೂದ ಬರೋಬ್ಬರಿ." ಮಣ್ಣಿನ ಉಂಡೆಯನ್ನು ಚಕ್ರದ ಮೇಲೆ ಬಡಿದು ಕೂರಿಸಲು ನೋಡಿದಳು; ಬಲಗೈ ಒತ್ತಲಾರದೆ ಉಂಡೆ ಪಕ್ಕಕ್ಕೆ ಜಾರಿತು. ಶಾರದವ್ವ ಎದ್ದು, ನಡುದಾರಿಯನ್ನು ಅತ್ತಿತ್ತ ತಲೆ ತಿರುಗಿಸಿ ನೋಡಿ, ದಾಟಿಕೊಂಡು ಹೋಗಿ ಆ ಉಂಡೆಯ ಮೇಲೆ ತನ್ನ ಎರಡೂ ಅಂಗೈ ಇಟ್ಟಳು.

"ಚಕ್ರ ತಿರುಗಾಕ ಬಿಡ್ರಿ" ಎಂದಳು.